‘ಎಸ್’ ಎಂಬ ವಿದ್ಯಾರ್ಥಿನಿ

ಮಾರ್ಚ್ 3, ಸೋಮವಾರ

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇವತ್ತೂ ಕಿಟಕಿ ಸೀಟು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೂ ಪಕ್ಕದಲ್ಲಿದ್ದ ಕ್ಲಾಸಿನ ಗೆಳತಿ ಜಯಮಾಲಾಗೆ ಪಾಠ ಒಪ್ಪಿಸಿದೆ — ಮನೋವಿಜ್ಞಾನ, ಮೂರನೇ ಯುನಿಟ್. ಸುಮ್ಮನೆ ಓದಿದರೆ ನನಗೆ ಒಂದಕ್ಷರ ತಲೆಗೆ ಹತ್ತುವುದಿಲ್ಲ. ಯಾರಿಗಾದರೂ ಹೇಳಬೇಕು, ಅವರು ಹೂಂ ಅನ್ನಬೇಕು. ಬಿ.ಎಡ್. ಸೇರಿದ ಮೇಲೆ ಇದಕ್ಕೆ ‘ಕಲಿಕಾ ಶೈಲಿ’ ಅನ್ನುತ್ತಾರೆಂದು ತಿಳಿದು ಎಷ್ಟು ಹಿಗ್ಗಿದ್ದೆ! ಶಾಲೆಯಲ್ಲಿ ವಟವಟ ಅನ್ನುತ್ತಾಳೆ ಅಂತ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿದ್ದು, ಆಮೇಲೆ ನಮ್ಮ ಎಮ್ಮೆಯ ಮುಂದೆ ಪ್ರಮೇಯ ಹೇಳಿ ಹೇಳಿ ಪಾಸಾಗಿದ್ದು... ಅದನ್ನೂ ಹೇಳಿಬಿಟ್ಟೆ. ಮೊದಲ ಸಲ, ಇವಳೊಬ್ಬಳಿಗೇ.

ನಗಲಿಲ್ಲ ಅವಳು. “ಎಮ್ಮಿ ಹೂಂ ಅಂತಿತ್ತೇನು?” ಅಂದಳು ಅಷ್ಟೇ. ಅದಕ್ಕೇ ಅವಳೆಂದರೆ ನನಗೆ ಜೀವ.

ಮಾರ್ಚ್ 6

ಎಲ್ಲರಿಗೂ ಕೇಸ್ ಸ್ಟಡಿ ಗಡಿಬಿಡಿ. ಕಲಿಕೆಯಲ್ಲಿ ಹಿಂದುಳಿದ ಒಂದು ಮಗುವನ್ನು ಹುಡುಕಿ, ಗಮನಿಸಿ, ಸೆಮಿನಾರ್ ಕೊಡಬೇಕು. ನನಗೆ ನಾವು ಪಾಠ ಮಾಡಲು ಹೋಗುವ ಪ್ರಾಕ್ಟೀಸ್ ಶಾಲೆಯಲ್ಲಿ ಒಬ್ಬಳು ಸಿಕ್ಕಿದ್ದಾಳೆ. ಜಯಮಾಲಾ ಶಾಲೆಯ ಕಡೆ ತಲೆಯೇ ಹಾಕಿಲ್ಲ. “ನನಗೂ ಸಿಕ್ಕಾಳ, ಚಿಂತಿ ಮಾಡಬ್ಯಾಡ” ಅಂದಳು.

ಮಾರ್ಚ್ 11, ಮಧ್ಯಾಹ್ನ, ಲೈಬ್ರರಿ

ಇವತ್ತು ಜಯಮಾಲಾಳ ಸೆಮಿನಾರ್. ಅವಳ ಸ್ಲೈಡು — ‘ವಿದ್ಯಾರ್ಥಿನಿ ಎಸ್., ಹತ್ತನೇ ತರಗತಿ. ಮೌನವಾಗಿ ಓದಲಾರಳು. ಗಣಿತದಲ್ಲಿ ಅನುತ್ತೀರ್ಣ. ಪ್ರಾಣಿಗಳ ಜೊತೆ ಮಾತಾಡುತ್ತಾಳೆ.’ ಮೇಲೊಂದು ಎಮ್ಮೆಯ ಫೋಟೋ! ವರಾಂಡದಲ್ಲಿ ನಾನು ಗಟ್ಟಿಯಾಗಿ ಒಪ್ಪಿಸುವುದನ್ನು ನೋಡದವರು ಯಾರಿದ್ದಾರೆ? ಕ್ಲಾಸಿಗೆ ಕ್ಲಾಸೇ ನನ್ನತ್ತ ಹೊರಳಿತು. ಹಿಂದಿನ ಬೆಂಚಿನಿಂದ ಯಾರೋ ಎಮ್ಮೆಯ ಹಾಗೆ ಕೂಗಿದರು.

ಮನೋವಿಜ್ಞಾನದ ಸಂಘರತ್ನ ಸರ್‌ಗೆ ಏನೂ ತಿಳಿಯಲಿಲ್ಲ. “ಭಾಳ ಛಲೋ ಮಾಡೀರಿ. ಪರಿಹಾರ ಏನ್ ಹೇಳ್ತೀರಿ?”

“ಆಕಿಗೆ ಸುಮ್ಮ ಕೂಡೋ ರೂಢಿ ಮಾಡಿಸಬೇಕ್ರಿ ಸರ್.”

ಥೂ.

ಅದೇ ದಿನ, ಸಂಜೆ

ಬಸ್‌ಸ್ಟ್ಯಾಂಡಿನಲ್ಲಿ ತಡೆದು ಕೇಳಿದೆ. “ನಿನ್ನ ಹೆಸರ ಎಲ್ಲಿ ಹಾಕೀನಿ? ಖಾಲಿ ಎಸ್ ಅಂತ ಬರದೀನಿ” ಅಂದಳು. “ಟೈಮ್ ಇದ್ದಿದ್ದಿಲ್ಲ ಸ್ನೇಹಲ್. ನೀ ನಮ್ಮಾಕಿ, ಸಿಟ್ಟಾಗಾಂಗಿಲ್ಲ ಅಂತ ತಿಳ್ಕೊಂಡಿದ್ದೆ.”

ನಮ್ಮಾಕಿ! “ನಾ ಹೇಳಿದ್ದು ನಿನಗ. ಕ್ಲಾಸಿಗಲ್ಲ” ಅಂದೆ. ಬೇರೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅತ್ತೆ.

ಮಾರ್ಚ್ 19

ಒಬ್ಬಳೇ ಓದುತ್ತಿದ್ದೇನೆ. ಓದುತ್ತಿದ್ದೇನೆ ಅನ್ನುವುದೂ ಸುಳ್ಳು, ಪುಟ ತಿರುವುತ್ತಿದ್ದೇನೆ. ಅವ್ವ ಅಂಗಡಿ ಮುಚ್ಚಿ ಬಂದು ಎದುರು ಕೂತಳು. “ನನಗ ಹೇಳವಾ, ನಾ ಕೇಳ್ತೀನಿ.” ಎರಡು ಸಾಲಿಗೇ ಪುಸ್ತಕ ಮುಚ್ಚಿದೆ. ಅವ್ವ ಹೂಂ ಅಂದಾಗ ‘ಇವಳೂ ಯಾರ ಮುಂದೆ ಹೇಳುತ್ತಾಳೋ’ ಅನ್ನಿಸಿಬಿಟ್ಟಿತು. ಹೆತ್ತವಳ ಮೇಲೆ ಅನುಮಾನ! ಆ ಜಯಮಾಲಾ ನನ್ನನ್ನು ಇಷ್ಟು ಹಾಳು ಮಾಡಿದ್ದಾಳೆ.

ಮಾರ್ಚ್ 24

ನಾಳೆ ಮನೋವಿಜ್ಞಾನ ಪೇಪರ್. ಬೆಳಿಗ್ಗೆ ಹಾಲ್ ಟಿಕೆಟ್ ತರಲು ಹೊರಟರೆ ಬಸ್ಸಿನಲ್ಲಿ ಅವಳು ಬಂದು ಪಕ್ಕದಲ್ಲೇ ಕೂತಳು. ಮುಖ ಬಾಡಿತ್ತು.

“ನೀ ಹೇಳಲಾರದ ನನಗೂ ಏನೂ ಹತ್ತವಲ್ದು. ಕೇಳಿದ್ರನ ತಿಳೀತದ ನನಗ. ನಾಲ್ಕನೇ ಯುನಿಟ್ ಒಂದ್ ಹೇಳ.”

ಹಾಗಾದರೆ ಇವಳೂ ನನ್ನಂಥವಳೇ! ಗೊತ್ತಿದ್ದೂ ನನ್ನನ್ನು ಕ್ಲಾಸಿನ ಮುಂದೆ ಹಾಗೆ ನಿಲ್ಲಿಸಿದಳಲ್ಲ. ಕಿಟಕಿಯತ್ತ ತಿರುಗಿದೆ. ಹೇಳಬಾರದು, ಫೇಲಾಗಲಿ. ಆದರೆ ಹೇಳದಿದ್ದರೆ ನಾನೂ ಫೇಲು.

ಹೇಳಿದೆ. ಬಸವಕಲ್ಯಾಣ ಬರುವವರೆಗೂ ಹೇಳಿದೆ. ವಾರಗಟ್ಟಲೆ ಹತ್ತದ್ದು ಒಂದೊಂದಾಗಿ ತಲೆಯಲ್ಲಿ ಕೂತಿತು. ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಇಳಿಯುವಾಗ “ಸಿಟ್ಟು ಹೋತಿಲ್ಲ?” ಅಂದಳು, ನಗುತ್ತಾ.

ಹೋಗಿಲ್ಲ. ಹೋಗುವುದೂ ಇಲ್ಲ. ಆದರೆ ನಾಡಿದ್ದು ಇನ್ನೊಂದು ಪೇಪರಿದೆ. ಅದನ್ನೂ ಇವಳಿಗೇ ಒಪ್ಪಿಸಬೇಕಲ್ಲ...