ಮುಚ್ಚದ ಜಗಲಿ

ಗದಗ, ಜೂನ್ ೩೧, ೨೨೪೬

ಚಿಗವ್ವನ ಮರಿಮಕ್ಕಳ ಮರಿಮಕ್ಕಳಿಗೆ ದಾಕ್ಷಾಯಣಿಯ ಆಶೀರ್ವಾದಗಳು.

ಜೂನ್ ತಿಂಗಳಿಗೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತೆಂದು ನಗಬೇಡಿ. ಗಾಳಿಹಬ್ಬಕ್ಕೆಂದು ನಮ್ಮ ಕಾಲದವರು ಒಂದು ದಿನ ಹೆಚ್ಚಿಸಿಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ತಿಳಿಯದ್ದನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಪ್ರತಿ ಮನೆಯ ಮೇಲೂ ಗಾಳಿಚಕ್ರವಿದೆ. ನೆರೆಹೊರೆಯವರು ಕೊಟ್ಟು ತೆಗೆದುಕೊಳ್ಳುವ ಕರೆಂಟಿನ ಲೆಕ್ಕವೆಲ್ಲ ಹಿಂದೆ ಸರಪಳಿಗೇ ಏರಬೇಕಿತ್ತು. ಸರಪಳಿಯೆಂದರೆ ಲೋಕವೆಲ್ಲ ಸೇರಿ ಬರೆಯುವ, ಯಾರೂ ಅಳಿಸಲಾಗದ ದೊಡ್ಡ ದಾಖಲೆ. ಒಂದು ಲೋಟ ಚಹಾ ಕಾಸುವಷ್ಟು ಕರೆಂಟು ಕೊಟ್ಟರೂ ಇಡೀ ಲೋಕ ಸಾಕ್ಷಿ ಹೇಳಬೇಕು. ಹೇಳುವಷ್ಟರಲ್ಲಿ ಚಹಾ ಕುಡಿಯುವ ಆಸೆಯೇ ಆರಿಹೋಗುತ್ತಿತ್ತು. ಅದಕ್ಕೇ ಜಗಲಿ ಬಂತು. ಇಬ್ಬರು ತಮ್ಮ ತಮ್ಮ ಕರೆಂಟಿನ ಪಾಲು ಇಟ್ಟು ಜಗಲಿ ತೆರೆಯುತ್ತಾರೆ. ತೆರೆದದ್ದು, ಮುಚ್ಚಿದ್ದು, ಇವೆರಡೇ ಸರಪಳಿಗೆ; ನಡುವಿನದೆಲ್ಲ ಅವರವರಲ್ಲೇ. ಆದರೆ ಮುಚ್ಚುವ ತನಕ ಇಟ್ಟ ಪಾಲು ಅಲ್ಲೇ ಕಟ್ಟುಬಿದ್ದಿರುತ್ತದೆ.

ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಸಾವಂತ್ರವ್ವ ಕೋಳಿಮರಿ ಮಾಡಿಸುವವಳು. ಪಕ್ಕದ ಮನೆಯ ಕಾಶೀಂಬಿಯೊಂದಿಗೆ ಅವಳ ಜಗಲಿ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಸಮೇತ ಚಿಗವ್ವ ಕಂಪ್ಲಿಗೆ ಮನೆ ಬದಲಿಸಿದ ದಿನ, ಜಗಲಿ ಮುಚ್ಚಲೇ ಎಂದು ಲೆಕ್ಕವಿಡುವ ಯಂತ್ರ ಕೇಳಿತು. ಹೊರಡುವ ಹೊತ್ತಿಗೆ ಅಂಥ ಮಾತೇ? ಅಪಶಕುನವೆಂದು ಬಾಗಿಲನ್ನೂ ಮುಚ್ಚು ಎನ್ನದೆ ಮುಂದೆ ಮಾಡು ಎನ್ನುವ ಜನ ನಾವು. ಚಿಗವ್ವ ಯಂತ್ರವನ್ನು ಗದರಿಸಿ, "ಹೋಗಿ ಬರ್ತೀನಿ" ಎಂದಳು. ಪಾಪ, ಯಂತ್ರ ಅದನ್ನು ನಂಬಿ ಜಗಲಿಯನ್ನು ತೆರೆದೇ ಇಟ್ಟಿತು.

ಕಂಪ್ಲಿಯಲ್ಲಿ ಒಂದು ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಇನ್ನೇನು ಮರಿಯಾಗಲಿದ್ದ ಮೊಟ್ಟೆಗಳಿದ್ದ ಪೆಟ್ಟಿಗೆ ತಣ್ಣಗಾಗತೊಡಗಿತು. ಅವಳ ಪಾಲೆಲ್ಲ ಗದಗಿನ ಜಗಲಿಯಲ್ಲಿ. ಒಬ್ಬರೇ ಮುಚ್ಚಿದರೆ ಇನ್ನೊಬ್ಬರ ತಕರಾರಿಗೆಂದು ವಾರ ಕಾಯಬೇಕು. ಇಬ್ಬರೂ ಬಾಯಿಬಿಟ್ಟು ಹೇಳಿದರೆ ಆ ಕ್ಷಣವೇ ಆಗುತ್ತದೆ. ಚಿಗವ್ವ ಗಟ್ಟಿ ಮನಸ್ಸು ಮಾಡಿ ಮುಚ್ಚು ಎಂದು ಹೇಳಿಯೇಬಿಟ್ಟಳು. ಕಾಶೀಂಬಿ ಮಾತ್ರ ಒಪ್ಪಲೇ ಇಲ್ಲ.

"ಆಕಿ ಹೋಗಿ ಬರ್ತೀನಿ ಅಂದು ಹೋಗ್ಯಾಳ. ನಾ ಹೆಂಗ ಮುಚ್ಚಲಿ?"

ನಾನು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಕಾಶೀಂಬಿ ಬಸ್ಸು ಓಡಿಸುವ ರೇಣುಕವ್ವನಿಗೆ ಫೋನ್ ಮಾಡಿದ್ದಳು. ಇವರಿಬ್ಬರ ನಡುವೆ ಬೇರೊಂದು ಜಗಲಿ; ರೇಣುಕವ್ವನಿಗೂ ಕಂಪ್ಲಿಯ ಗಿರಣಿಯವರಿಗೂ ಮತ್ತೊಂದು; ಗಿರಣಿಯವರು ಚಿಗವ್ವನ ಹೊಸ ನೆರೆಯವರು. ಹೀಗೆ ಜಗಲಿಯಿಂದ ಜಗಲಿಗೆ ಸಾಗಿಸುವುದಕ್ಕೆ ನಾವು ಕೈದಾಟು ಎನ್ನುತ್ತೇವೆ. ಕೊನೆಯ ಕೈ ಸೇರದಿದ್ದರೆ ಅದು ಮೊದಲ ಕೈಯನ್ನೂ ಬಿಡದು, ಹಾಗಾಗಿ ನಡುವಿನವರು ನುಂಗುವಂತಿಲ್ಲ. ಪೆಟ್ಟಿಗೆ ಬೆಚ್ಚಗಾಯಿತು. ಮರುದಿನ ಚಿಗವ್ವ ಫೋನಿನಲ್ಲಿ ಮರಿಗಳ ಚಿಂವ್‌ಚಿಂವ್ ಕೇಳಿಸಿದಾಗ ಕಾಶೀಂಬಿ ಹಿರಿಹಿರಿ ಹಿಗ್ಗಿದಳು.

ಕಳಿಸಿದ್ದು ಆಕೆಯ ಸ್ವಂತ ಪಾಲು. ಆ ಬಿರುಬೇಸಿಗೆಯಲ್ಲಿ ವಾರವೆಲ್ಲ ಫ್ಯಾನಿಲ್ಲದೆ ಸೆರಗಿನಿಂದ ಗಾಳಿ ಹಾಕಿಕೊಂಡಳು. ಅದನ್ನು ಚಿಗವ್ವನಿಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ನನಗೆ ಆಕೆಯ ಮೇಲೆ ಅದೆಷ್ಟು ಪ್ರೀತಿ ಉಕ್ಕಿತೆಂದರೆ, ಎದುರು ಕೂತು ಬೀಸಣಿಗೆ ಬೀಸಿದೆ.

ಈಗ ಇಬ್ಬರೂ ಇಲ್ಲ, ಹೇಳಬಹುದು. ಸರಪಳಿಯಲ್ಲಿ ಹುಡುಕಿದರೆ ನಿಮಗೆ ಇದರ ಒಂದಕ್ಷರವೂ ಸಿಗದು. ಇಬ್ಬರು ಹೆಂಗಸರು ಒಂದು ಜಗಲಿ ತೆರೆದರೆಂದು ಮಾತ್ರ ಇದೆ. ಯಾರೋ ಮರೆತು ಬಿಟ್ಟಿದ್ದಾರೆ ಎಂದುಕೊಂಡು ನೀವು ಅದನ್ನು ಮುಚ್ಚಿಬಿಡಬೇಡಿ.