ಮೂರು ಗಂಟೆಯ ಕಳ್ಳಿ

ಫೆಬ್ರವರಿ 3, ಸೋಮವಾರ

ಹಿಟ್ಟು ನಾದಿಟ್ಟು ಆಸ್ಪತ್ರೆ ಡ್ಯೂಟಿಗೆ ಓಡಿದೆ. ನನ್ನ ಕೌಂಟರ್ ಮುಂದೆ ಜನವೋ ಜನ. ಎಲ್ಲರಿಗೂ ಕೆಮ್ಮು, ಎಲ್ಲರಿಗೂ ಅರ್ಜೆಂಟು. ಸಂಜೆ ಬಂದರೆ ನೆಟ್ ಮತ್ತೆ ತೆವಳ್ತಿದೆ.

"ಹಳೇ ರೂಟರ್ ಕಣೇ. ನನ್ನ ಹಾಗೆ ಅದಕ್ಕೂ ವಯಸ್ಸಾಯ್ತು" ಅಂತ ಇವರು. ಇವರಿಗೆ ಎಲ್ಲಾ ತಮಾಷೆ.

ಅತ್ತೆ ಮತ್ತೆ ಶುರು. ಗಡಿಯಾಚೆ ಮಂಗೋಲಿಯಾದಲ್ಲಿ, ಓಲ್ಗಿ ಪಕ್ಕದ ಹಳ್ಳಿಯಲ್ಲಿರೋ ತಂಗಿಗೆ ಕಾಯಿಲೆ ಜಾಸ್ತಿಯಂತೆ. ಕೊನೇ ಸಲ ಮುಖ ನೋಡ್ಬೇಕು, ಮಾತಾಡ್ಬೇಕು ಅಂತ. ತಂಗಿಯ ಹೆಸರು ಇಲ್ಲೂ ಬರೆಯೋಲ್ಲ. ಗಂಡನ ಕಡೆ ಹಿರಿಯರ ಹೆಸರು ಸೊಸೆ ಹೇಳಬಾರದು. ಮದುವೆಯಾದ ಹೊಸದರಲ್ಲೇ ನಾನಿಟ್ಟ ಹೆಸರು — ಸಕ್ಕರೆ ಚಿಕ್ಕತ್ತೆ. ಭಾನುವಾರ ನನ್ನ ಫೋನಲ್ಲಿ ವಿಡಿಯೋ ಹಾಕಿಕೊಡ್ತೀನಿ ಅಂದೆ. ಹೋದ ಭಾನುವಾರವೂ ಹಾಗೇ ಅಂದಿದ್ದೆ…

ಅತ್ತೆಗೆ ಅವರದೇ ಫೋನ್ ಇತ್ತು. ಚಳಿಗಾಲದ ಶುರುವಲ್ಲಿ ಯಾವನೋ ಬ್ಯಾಂಕಿನವನು ಅಂತ ಫೋನ್ ಮಾಡಿದ, ಅತ್ತೆ ಬಂದ ಕೋಡನ್ನೆಲ್ಲ ಓದಿ ಹೇಳೋಕೆ ಹೊರಟಿದ್ದರು. ಸದ್ಯ ನಾನು ಪಕ್ಕದಲ್ಲಿದ್ದೆ. ಅವತ್ತೇ ಕಿತ್ತುಕೊಂಡು ಬಟನ್ ಫೋನ್ ಕೊಟ್ಟೆ. ತಪ್ಪೇನಿದೆ?

ಫೆಬ್ರವರಿ 4, ಮಂಗಳವಾರ

ಸಿಕ್ಕಿತು! ಆಸ್ಪತ್ರೆಯ ಪ್ರೋಗ್ರಾಮರ್ ಹುಡುಗಿ ನನ್ನ ಫೋನಿಗೆ ರೂಟರಿನ ಆ್ಯಪ್ ಹಾಕಿಕೊಟ್ಟಳು. ಯಾರ ಯಾರ ಫೋನ್ ನಮ್ಮ ವೈಫೈಗೆ ಸೇರಿದೆ ಅಂತ ಕೂತಲ್ಲೇ ಕಾಣುತ್ತೆ. ನನ್ನದು, ಇವರದು, ಟೀವಿ. ಮಧ್ಯಾಹ್ನ ಮೂರಕ್ಕೆ ಟಣ್ ಅಂತು — ಹೊಸ ಫೋನ್ ಸೇರಿದೆ. ಹೆಸರು? ಖಾನಿಪಾ.

ಪಕ್ಕದ ಮನೆ ಖಾನಿಪಾ! ಶರತ್ಕಾಲದಲ್ಲಿ ಓಲ್ಗಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವಳು. ಗೋಡೆಗೆ ಗೋಡೆ. ಎದುರು ಸಿಕ್ಕರೆ "ಅಕ್ಕ, ಅಕ್ಕ" ಅಂತ ಬೆಣ್ಣೆ ಹಚ್ಚೋ ಮಾತು. ಒಳಗೆ ಈ ಬುದ್ಧಿ.

ಗಡಿಯಾಚೆಯವರೇ ಹಾಗೆ ಅಂದುಬಿಟ್ಟೆ. ಇವರು ಚಹಾ ಕೆಳಗಿಟ್ಟು ನನ್ನ ಮುಖ ನೋಡಿದರು. "ನಾವೂ ಅಲ್ಲಿಂದಲೇ ಬಂದವರು, ಮರೆತ್ಯಾ?" ನಿಮ್ಮನ್ನ ಅಂದಿದ್ದಲ್ಲ ಅಂತ ಎದ್ದುಹೋದೆ.

ಫೆಬ್ರವರಿ 6, ಗುರುವಾರ

ನಿನ್ನೆ ಮೂರಕ್ಕೆ. ಇವತ್ತೂ ಮೂರಕ್ಕೆ. ನಾನು ಡ್ಯೂಟಿಯಲ್ಲಿರೋ ಹೊತ್ತು ನೋಡಿಕೊಂಡೇ ಮಾಡ್ತಾಳೆ. ಒಂದರ್ಧ ಗಂಟೆ ಇರ್ತಾಳೆ, ಹೋಗ್ತಾಳೆ. ಪಾಸ್‌ವರ್ಡ್ ಹೇಗೆ ಸಿಕ್ಕಿತೋ. ರೂಟರ್ ಹಿಂದೆ ಚೀಟಿ ಅಂಟಿಸಿದ್ದೀನಿ. ಯಾವಾಗಲೋ ಬಂದು ಕದ್ದು ನೋಡಿರಬೇಕು.

ಪ್ರೋಗ್ರಾಮರ್ ಹುಡುಗಿ ಎಲ್ಲಾ ಹೇಳಿಕೊಟ್ಟಳು. ಪಾಸ್‌ವರ್ಡ್ ಬದಲಾಯಿಸು, ಉದ್ದ ಇರಲಿ. ರೂಟರಿನ ಬಟನ್ ಒತ್ತಿ ಸೇರೋ ಸೌಲಭ್ಯ ಮುಚ್ಚು. ಆ ಫೋನನ್ನು ಬ್ಲಾಕ್ ಮಾಡು. "ಮೊದಲು ಒಂದು ಮಾತು ಕೇಳಿನೋಡಿ ಅಕ್ಕ" ಅಂತಲೂ ಅಂದಳು. ಕಳ್ಳರನ್ನ ಕೇಳೋದೇನು!

ಅತ್ತೆ ಈ ವಾರ ಗೆಲುವಾಗಿದ್ದಾರೆ. ಉಪ್ಪು ಹಾಕಿದ ಹಾಲಿನ ಚಹಾ ತಾವೇ ಕಾಯಿಸಿಕೊಂಡು ಕುಡಿದರಂತೆ. ಮಂಡಿ ನೋವಿನ ಸುದ್ದಿಯೇ ಇಲ್ಲ.

ಫೆಬ್ರವರಿ 7, ಶುಕ್ರವಾರ

ಮಾಡಿದೆ. ಕೌಂಟರಿನಲ್ಲಿ ಕೂತೇ ಮಾಡಿದೆ. ಅವಳು ಸೇರೋವರೆಗೂ ಕಾದು, ನೆಟ್ ಚೆನ್ನಾಗಿ ಎಳೀತಿರೋವಾಗಲೇ ಬ್ಲಾಕ್ ಒತ್ತಿದೆ. ಆಹಾ, ಏನು ಸಮಾಧಾನ! ಬೆರಳ ತುದೀಲಿ ಕಳ್ಳಿಯ ಜುಟ್ಟು ಸಿಕ್ಕ ಹಾಗೆ.

ಮನೆಗೆ ಬಂದು ಪಾಸ್‌ವರ್ಡ್ ಬದಲಾಯಿಸಿದೆ. ವೈಫೈ ಹೆಸರನ್ನೂ. ಈಗ ಮೆಟ್ಟಿಲ ಹತ್ತಿರ ಯಾರು ಫೋನ್ ತೆಗೆದರೂ ಕಾಣೋದು — "ಕದಿಯೋರಿಗೆ ನಾಚಿಕೆ ಬೇಕು." ಸಾಲದು ಅಂತ ಆ್ಯಪಿನ ಚಿತ್ರ ತೆಗೆದು, ಖಾನಿಪಾ ಅನ್ನೋ ಹೆಸರಿನ ಸುತ್ತ ಕೆಂಪು ಗೀಟು ಹಾಕಿ ಬಿಲ್ಡಿಂಗಿನ ಗ್ರೂಪಿಗೆ ಬಿಟ್ಟೆ. ಕೆಳಗಿನ ಮನೆ ರಾಯಿಸಾ ಇವಾನೋವ್ನ ಮೊದಲು ಬರೆದಳು, "ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲಪ್ಪ." ಆಮೇಲೆ ನಗೋ ಮುಖಗಳು, ಸಾಲುಸಾಲು.

ಖಾನಿಪಾ ಬರೆದಿದ್ದು ಇಷ್ಟೇ: "ತಪ್ಪಾಯ್ತು ಅಕ್ಕ. ಇನ್ನು ಆಗಲ್ಲ."

ಜಗಳಕ್ಕೆ ಬರ್ತಾಳೆ ಅಂತ ಮಾತು ಕೂಡಿಟ್ಟುಕೊಂಡಿದ್ದೆ. ಬರಲೇ ಇಲ್ಲ.

ಫೆಬ್ರವರಿ 9, ಭಾನುವಾರ

ನೆಂಟರು. ಹಿಟ್ಟು ಲಟ್ಟಿಸಿ, ಮಾಂಸ ಬೇಯಿಸಿ ಸೊಂಟ ಬಿತ್ತು. ವಿಡಿಯೋ ಮರೆತೇ ಹೋಯ್ತು. ಅತ್ತೆ ಏನೂ ಕೇಳಲಿಲ್ಲ. ಊಟಕ್ಕೂ ಬರಲಿಲ್ಲ. "ಹಸಿವಿಲ್ಲ ಮಗಳೇ."

ಮೆಟ್ಟಿಲಲ್ಲಿ ಖಾನಿಪಾ ಸಿಕ್ಕಳು. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಮೇಲಿನ ಮನೆಯವಳು ಅವಳಿಗೆ ಕೇಳೋ ಹಾಗೇ, "ಪರ್ಸ್ ಭದ್ರ!" ಅಂದಳು. ನಾನು ನಕ್ಕೆ.

ಫೆಬ್ರವರಿ 18, ಮಂಗಳವಾರ

ಎಷ್ಟೋ ದಿನ ಆಯ್ತು ಬರೆದು. ಕೈ ಬರ್ತಿಲ್ಲ. ಆದರೂ ಬರೀಬೇಕು. ಯಾರಿಗೂ ಹೇಳೋಕಾಗದ್ದು ಇದು.

ಬೆಳಿಗ್ಗೆ ಬಾಗಿಲು ಬಡಿದರು. ಖಾನಿಪಾ. ಹೊಸಿಲಾಚೆಯೇ ನಿಂತಳು. ಒಳಗೆ ಬಾ ಅಂತ ನಾನು ಅನ್ನಲಿಲ್ಲ.

"ಅಜ್ಜಿ ಎದ್ದಿದ್ದಾರಾ?"

"ಮಲಗಿದ್ದಾರೆ. ಏನು?"

"ಮೆಲ್ಲಗೆ, ಅಕ್ಕ… ಅಜ್ಜಿಯ ತಂಗಿ ಹೋಗಿಬಿಟ್ಟರು. ನಿನ್ನೆ. ಅವರ ಮಗ ನನಗೆ ಫೋನ್ ಮಾಡಿದ್ದ. ಅವನ ಹತ್ತಿರ ನನ್ನ ನಂಬರ್ ಒಂದೇ ಇರೋದು."

ನಿನ್ನ ನಂಬರ್ ಯಾಕೆ ಅಂತ ಕೇಳಿದೆ. ಸಾವಿನ ಸುದ್ದಿ ಕೇಳಿದ ಮೇಲೂ ಪೊಲೀಸಿನ ಹಾಗೇ ಕೇಳಿದೆ!

ಅವಳು ನೆಲ ನೋಡ್ತಾ ಹೇಳಿದಳು. ಅವಳು ಪಕ್ಕದ ಮನೆಗೆ ಬಂದ ಹೊಸದರಲ್ಲಿ ಅತ್ತೆ ಅವಳನ್ನು ಕರೆದು ಎರುಲಿಕ್ ಊಟ ಹಾಕಿದ್ದರಂತೆ. ಹೊಸ ನೆರೆಯವರಿಗೆ ಹಳಬರು ಹಾಕೋ ಊಟ. ನಾನು ಡ್ಯೂಟಿಯಲ್ಲಿದ್ದೆ. ಅಸಲು ಅದು ನಾನು ಹಾಕಬೇಕಾಗಿದ್ದ ಊಟ. ಕೊಡೋಕೆ ಕೈಯಲ್ಲಿ ಏನೂ ಇಲ್ಲ ಅಂತ ಅತ್ತೆ ರೂಟರ್ ಹಿಂದಿನ ಚೀಟಿ ತೋರಿಸಿ, "ನಿನ್ನ ಮನೆಗೆ ನೆಟ್ ಬರೋವರೆಗೂ ಇದನ್ನ ತಗೋ ಮಗಳೇ, ನಮ್ಮದೂ ನಿಮ್ಮದೂ ಬೇರೇನಾ" ಅಂದರಂತೆ. ಅವಳು ಬೇಡ ಅಂದಳಂತೆ. ಹಿರಿಯರು ಕೊಟ್ಟಿದ್ದು, ಬೇಡ ಅಂದರೆ ಆಗುತ್ತಾ?

"ಆದ್ರೂ ನನಗೋಸ್ಕರ ಮುಟ್ಟಿಲ್ಲ ಅಕ್ಕ. ಆ ನಾಲ್ಕು ದಿನ ಮಾತ್ರ, ಅಜ್ಜಿಗೋಸ್ಕರ. ದಿನಾ ಮೂರಕ್ಕೆ ನಮ್ಮನೆಗೆ ಬರೋರು. ಇಬ್ಬರೂ ಮುಖ ನೋಡ್ಕೊಂಡು ಮಾತಾಡೋರು. ಬರೀ ಮೊಬೈಲ್ ನೆಟ್ಟಲ್ಲಿ ಚಿತ್ರ ಬರಲ್ಲ ನಮ್ಮನೇಲಿ."

"ನಮ್ಮನೇಲೇ ಮಾಡಬಹುದಿತ್ತಲ್ಲ!"

"ನೀವು ಬಂದುಬಿಟ್ರೆ ಅಂತ ಅವರಿಗೆ ಭಯ."

ನನ್ನ ಭಯ.

"ಗ್ರೂಪಲ್ಲಿ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಬೈಗುಳ ಅಜ್ಜಿ ತಲೆಗೆ ಬೀಳ್ತಿತ್ತು."

ಬಾಗಿಲ ಚೌಕಟ್ಟು ಹಿಡ್ಕೊಂಡೆ. ಒಳಗೆ ಬಾ ಅಂದೆ ಆಗ. "ನಾಳೆ ಬರ್ತೀನಿ, ಹಿರಿಯರ ಜೊತೆ" ಅಂದಳು.

ಫೆಬ್ರವರಿ 19, ಬುಧವಾರ

ಸಾವಿನ ಸುದ್ದಿ ನಮ್ಮಲ್ಲಿ ಒಬ್ಬರೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳೋದಿಲ್ಲ. ಹಿರಿಯರು ಸೇರಿ, ಚಹಾ ಕುಡಿದು, ಸುತ್ತಿ ಬಳಸಿ ಹೇಳ್ತಾರೆ. ಇವರ ದೊಡ್ಡಪ್ಪ ಬಂದರು, ಇನ್ನಿಬ್ಬರು ಬಂದರು. ಖಾನಿಪಾ ಬಂದು ಅತ್ತೆಯ ಪಕ್ಕ ಕೂತು ಕೈ ಹಿಡ್ಕೊಂಡಳು. ನಾನು ಬಟ್ಟಲಿಗೆ ಚಹಾ ಬಗ್ಗಿಸ್ತಾ ಇದ್ದೆ. ಚೆಲ್ಲಿದೆ.

ದೊಡ್ಡಪ್ಪ ಇನ್ನೂ ಹಿಮ, ರಸ್ತೆ, ಆಯಸ್ಸು ಅಂತ ಮಾತು ತರ್ತಿದ್ದರು. ಅತ್ತೆ ಎಲ್ಲರ ಮುಖ ನೋಡಿದರು. "ಹೋದಳಾ?"

ಅತ್ತರು. ಎಲ್ಲರೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಖಾನಿಪಾಗೆ ಹೇಳಿದರು:

"ಅವತ್ತು ಶುಕ್ರವಾರ ಏನೋ ಹೇಳೋಕೆ ಬಂದಳಲ್ಲೇ. 'ಅಕ್ಕ, ಒಂದು ಮಾತು' ಅಂದಳು. ಅಷ್ಟರಲ್ಲಿ ಚಿತ್ರ ನಿಂತೇಹೋಯ್ತು. ಮಾರನೇ ದಿನ ಅವಳ ಬಾಯೇ ಬಿದ್ದುಹೋಗಿತ್ತು. ಪಾಪ, ಅವರ ಹಳ್ಳಿ ನೆಟ್ ಹಾಳಾಗಿ ಹೋಗ್ಲಿ… ಒಂದು ಮಾತು ಏನಿತ್ತೋ."

ಶುಕ್ರವಾರ. ಏಳನೇ ತಾರೀಖು. ನಾನು ಕೌಂಟರಿನಲ್ಲಿ ಕೂತು ಆಹಾ ಅಂದ ಹೊತ್ತು.

ಖಾನಿಪಾ ನನ್ನ ಕಡೆ ನೋಡಲೂ ಇಲ್ಲ. ಅತ್ತೆಯ ಬೆನ್ನು ಸವರ್ತಾ, "ಹೌದಜ್ಜಿ, ಅವರ ಕಡೆಯದೇ ತೊಂದರೆ" ಅಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಅವಳು ಬೈದಿದ್ದರೆ ಉಳ್ಕೋತಿದ್ದೆ.

ಫೆಬ್ರವರಿ 23, ಭಾನುವಾರ

ಗ್ರೂಪಲ್ಲಿ ಬರೆದೆ. ತಪ್ಪು ನನ್ನದು, ಖಾನಿಪಾಗೆ ಪಾಸ್‌ವರ್ಡ್ ನಮ್ಮ ಮನೆಯಿಂದಲೇ ಕೊಟ್ಟಿದ್ದು ಅಂತ. ನಗೋ ಮುಖಗಳು ಎಲ್ಲಿ ಹೋದವೋ. ಖಾನಿಪಾಳ ಮನೆಗೆ ಹಿಟ್ಟಿನ ಬಿಸಿ ಉಂಡೆ, ಬೌರ್ಸಕ್, ಕರಿದುಕೊಂಡು ಹೋದೆ. ತಗೊಂಡಳು. "ಕೂತ್ಕೊಳ್ಳಿ ಅಕ್ಕ" ಅಂದಳು. ಕೂರೋಕೆ ಮುಖ ಇರಲಿಲ್ಲ.

ಅತ್ತೆಗೆ ಹೇಳಿಲ್ಲ. ಇವರೂ, "ಬಿಡು, ವಯಸ್ಸಾದವರು. ತಿಳಿದು ಏನಾಗಬೇಕು" ಅಂದರು. ಬಿಡಬಹುದು. ಯಾರೂ ಹೇಳೋದಿಲ್ಲ. ಆದರೆ ಅತ್ತೆ ದಿನಾ ಆ ಹಳ್ಳಿಗೆ ಶಾಪ ಹಾಕ್ತಾರೆ. ನನ್ನ ಕೈ ಹಿಡ್ಕೊಂಡೇ ಹಾಕ್ತಾರೆ. ನನಗೆ "ನೀನಿದ್ದೀಯಲ್ಲ ಮಗಳೇ" ಅಂತಾರೆ.

ಆಗಲ್ಲ ನನ್ನ ಕೈಲಿ. ಇವತ್ತು ಇವರು ಮನೇಲಿಲ್ಲ. ಒಳಗೆ ಕೆಮ್ಮಿದ್ದು ಕೇಳಿಸ್ತು, ಎದ್ದಿದ್ದಾರೆ. ಮೊದಲು ಇಲ್ಲಿ ಬರೆದು ನೋಡ್ತೀನಿ, ಬಾಯಿ ತಿರುಗುತ್ತಾ ಅಂತ. ಆಮೇಲೆ ನೇರ ಹೋಗಿ ಕಾಲ ಹತ್ತಿರ ಕೂತು ಹೇಳ್ತೀನಿ. ಅತ್ತೇ, ಅದು ಹಳ್ಳಿಯ ನೆಟ್ ಅಲ್ಲ. ಅವತ್ತು ಚಿಕ್ಕತ್ತೆ ಮಾತಾಡ್ತಿರೋವಾಗ… ಉಳಿದದ್ದು ಇಲ್ಲಲ್ಲ, ಅತ್ತೆಯ ಎದುರಿಗೇ.