ನೀವು ಮುಗಿಸದ ಕೋಗಿಲೆ ಸಾಲು

ನನ್ನ ಲಲಿತಕ್ಕಾ,

ಭದ್ರಾವತಿ ನ್ಯೂಟೌನಿನಲ್ಲಿ ನೀವು ನಮ್ಮ ಮೇಳಕ್ಕೆ ಕಲಿಸುತ್ತಿದ್ದ ವಸಂತದ ಹಾಡಿನ ಅಭ್ಯಾಸ ನಡೆಯುತ್ತಿದ್ದ ಆ ಸಂಜೆ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಸಾಲಿನ ಹೆಂಗಸರು ತಂಗಾಳಿಯಂತೆ ಮೆಲ್ಲಗೆ ಹಾಡಬೇಕು, ಹಿಂದಿನವರು ದುಂಬಿಗಳಂತೆ ಗುಂಯ್‌ಗುಡಬೇಕು. ಕೋಗಿಲೆಯ ಸಾಲು ನನ್ನ ಪಾಲಿಗೆ. "ಹೀಗಲ್ಲ ಸುಮಾ, ಇಲ್ಲಿ ಕೇಳು" ಎಂದು ನೀವೇ ಹಾಡಿ ತೋರಿಸಿದಿರಿ. ಮೇಲಿನ ಸ್ವರ ಮುಟ್ಟಿದಿರಿ, ಅಲ್ಲೇ ಕುಸಿದಿರಿ. ಆಸ್ಪತ್ರೆ ತಲುಪುವಷ್ಟರಲ್ಲಿ...

ಮತ್ತೆ ಅಭ್ಯಾಸಕ್ಕೆ ಸೇರಿದೆವು. ಆದರೆ ಆ ಸಾಲು ಹತ್ತಿರ ಬಂದಾಗಲೆಲ್ಲ ಎಲ್ಲರ ದನಿಯೂ ಇಳಿದುಬಿಡುತ್ತಿತ್ತು. ನಿಮ್ಮ ಪಕ್ಕದ ಮನೆಯ ಸೆಲ್ವಿ ಒಂದು ದಿನ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅದೊಂದು ಬಿಟ್ಬಿಡೋಣ ಅಕ್ಕಾ, ನಂಗೆ ಹೆದರಿಕೆ ಆಗ್ತದೆ" ಅಂದಳು. ಕೋಗಿಲೆಯೇ ಇಲ್ಲದೆ ಅದೆಂಥ ವಸಂತ? ನನಗೆ ಬಿಡಲು ಮನಸ್ಸಾಗಲಿಲ್ಲ.

ನೀವಿದ್ದಾಗಲೇ ನಾನು ಬಸುರಿಯಾಗಿದ್ದುದು ನಿಮಗೆ ಗೊತ್ತಿರಲಿಲ್ಲ. ಹಿಂದಿನ ಸಲ ಕಳೆದುಕೊಂಡಿದ್ದರಿಂದ ಮನೆಯವರನ್ನು ಬಿಟ್ಟು ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಯುಗಾದಿಯ ದಿನ ಶಿವಮೊಗ್ಗದಲ್ಲಿ ಹಾಡಲು ಹೊರಟು ನಿಂತಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅವ್ರ ಪ್ರಾಣ ಹೋದ ಹಾಡು ಕಣೇ ಅದು. ಹೊಟ್ಟೇಲಿ ಮಗು ಇಟ್ಕೊಂಡು ಹಾಡ್ತೀಯಾ ಮಾರಾಯ್ತಿ?"

"ಬೇಗ ಬರ್ತೀನಿ ಅತ್ತೆ" ಎಂದೆ. ಬಸ್ಸು ಮಾಚೇನಹಳ್ಳಿ ದಾಟುವಾಗ ಇಳಿದುಬಿಡಲೇ ಅನ್ನಿಸಿತು.

ವೇದಿಕೆಯ ಮೇಲೆ ನಮ್ಮ ಹಾಡಿನಲ್ಲಿ ಗಾಳಿ ಬೀಸಿತು, ಮುತ್ತುಗ ಅರಳಿತು, ದುಂಬಿಗಳು ಬಂದವು. ನನ್ನ ಸರದಿ. ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕಾಯುತ್ತಿತ್ತು. ಆಗ ಹಿಂದಿನ ಸಾಲಿನಿಂದ ಸೆಲ್ವಿ ಶುರುಮಾಡಿದಳು, ಅಕ್ಕಾ! ಶ್ರುತಿ ತಪ್ಪಿತ್ತು, ದನಿ ನಡುಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಅವಳ ದನಿ ಹಿಡಿದು ನಾನೂ ಏರಿದೆ. ಮೇಲಿನ ಸ್ವರ ಮುಟ್ಟಿದ್ದೇ ತಡ, ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು. ಹೋಯಿತು, ಈ ಸಲವೂ ಹೋಯಿತು ಎಂದುಕೊಂಡೆ. ನಿಲ್ಲಿಸಬೇಕಿತ್ತೇ? ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಸಾಲು ಮುಗಿಸಿದೆ. ಅಂಗೈ ಕೆಳಗೆ ಅದು ಇನ್ನೊಮ್ಮೆ ಮಿಸುಕಿತು. ಮಗು, ಲಲಿತಕ್ಕಾ. ಮೊದಲ ಸಲ ಅಲುಗಾಡಿತ್ತು.

ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು.

"ಏನಾದ್ರೂ ಆಯ್ತಾ?"

"ಒದೀತು ಅತ್ತೆ."

ಅವರು ಕೈಯಿಟ್ಟು ನೋಡಿದರು. ಬಹಳ ಹೊತ್ತು ಆ ಕೈ ತೆಗೆಯಲಿಲ್ಲ.

ಈಗ ದಿನ ತುಂಬಿದೆ. ನಾಳೆ ಆಸ್ಪತ್ರೆಗೆ ಸೇರುತ್ತೇನೆ. ಮಗು ಅಡ್ಡ ತಿರುಗಿದೆಯಂತೆ, ಕೊಯ್ದು ತೆಗೆಯಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಹೆದರಿಕೆಯಾಗುತ್ತಿದೆ ಅಕ್ಕಾ, ನಿಮ್ಮೊಬ್ಬರ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ಇವತ್ತು ಬಟ್ಟೆ ಜೋಡಿಸುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತು, ಎಲ್ಲೋ ನೋಡುತ್ತಾ ಅಂದರು: "ಆ ಕೋಗಿಲೆದು ಹೇಳೇ. ಮಗು ಕೇಳ್ಲಿ."

ಹಾಡಿದೆ. ಪೂರ್ತಿ ಹಾಡಿದೆ.

ನಿಮ್ಮ
ಸುಮಾ